ವಿಧವೆಯ ಕಾಸಿನಲ್ಲಿ ಹಸಿರು ಪುಡಿ, ನಲವತ್ತು ಸಾವಿರಕ್ಕೆ ಯೆರೂಸಲೇಮಿನ ಶೆಕೆಲ್

ಪ್ರಶ್ನೆ: ಕಳೆದ ವರ್ಷ ನಮ್ಮ ಚರ್ಚಿನ ತಂಡದ ಜೊತೆ ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದಾಗ ಯೆರೂಸಲೇಮಿನ ಹಳೇ ಪೇಟೆಯ ಅಂಗಡಿಯೊಂದರಲ್ಲಿ ‘ಬಡ ವಿಧವೆಯ ಕಾಸು’ (ಬೈಬಲ್‌ನ ಸುವಾರ್ತೆಯಲ್ಲಿ ಬಡ ವಿಧವೆಯೊಬ್ಬಳು ದೇವಾಲಯಕ್ಕೆ ಕಾಣಿಕೆ ಹಾಕಿದ ಬಗೆಯದು) ಎಂದು ಎರಡು ಪುಟ್ಟ ಕಂಚಿನ ನಾಣ್ಯ ಕೊಂಡೆ. ಒಂದು ಬಿಡಿ, ಇನ್ನೊಂದನ್ನು ಬೆಳ್ಳಿ ಪದಕಕ್ಕೆ ಕೂರಿಸಿ ಕೊಟ್ಟರು. ಎರಡಕ್ಕೂ ಅಂಗಡಿಯ ಪ್ರಮಾಣಪತ್ರ ಇದೆ. ಪದಕವನ್ನು ದಿನವೂ ಹಾಕಿಕೊಳ್ಳುತ್ತೇನೆ. ಈ ಮಳೆಗಾಲದಲ್ಲಿ ಅದರ ಮೇಲೆ ತಿಳಿಹಸಿರು ಪುಡಿ ಕಾಣಿಸಿಕೊಂಡಿದೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಹುಣಸೆಹುಳಿ ಹಚ್ಚಿ ತೊಳೆಯಬಹುದೇ? ನಾಣ್ಯದ ಅಕ್ಷರ ಒಂದೂ ಸ್ಪಷ್ಟವಿಲ್ಲ, ಅಂಚಿನಲ್ಲಿ ಎರಕದ ಗುರುತಿನಂಥದ್ದಿದೆ. ನಕಲಿ ಇರಬಹುದೇ? ಇದರ ನಡುವೆ ಆನ್‌ಲೈನ್‌ನಲ್ಲಿ ಒಬ್ಬರು ‘ಯೇಸುವಿನ ಕಾಲದ ಯೆರೂಸಲೇಮಿನ ಬೆಳ್ಳಿ ಶೆಕೆಲ್, ಎರಡನೇ ವರ್ಷದ್ದು’ ಎಂದು 40,000 ರೂಪಾಯಿಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಹೆಬ್ರೋನಿನ ಹಳೆಯ ಕುಟುಂಬದ ಸಂಗ್ರಹವಂತೆ, ತೂಕ 11.6 ಗ್ರಾಂ, ಅಕ್ಕಸಾಲಿಯ ಯಂತ್ರದಲ್ಲಿ ಬೆಳ್ಳಿ ಎಂದು ಬಂದಿದೆಯಂತೆ. ಫೋಟೋದಲ್ಲಿ ಒಂದು ಕಡೆ ನುಣುಪು ಬಾಯಿಯ ಬಟ್ಟಲು, ಇನ್ನೊಂದು ಕಡೆ ಮೂರು ದಾಳಿಂಬೆ ಮೊಗ್ಗು. ಕೊಳ್ಳಲೇ? ಕೊಂಡರೆ ಕಾನೂನಿನ ತೊಂದರೆ ಉಂಟೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಶೆಕೆಲ್ ಕೊಳ್ಳಬೇಡಿ, ಕಾರಣ ಮುಂದೆ ಹೇಳುತ್ತೇನೆ. ಅದಕ್ಕಿಂತ ತುರ್ತಾದದ್ದು ಪದಕದ ಹಸಿರು ಪುಡಿ. ಇವತ್ತೇ ಪದಕವನ್ನು ಕೊರಳಿನಿಂದ ತೆಗೆಯಿರಿ. ಹುಣಸೆ, ನಿಂಬೆ, ವಿನೆಗರ್, ಪಾತ್ರೆ ಬೆಳಗುವ ಪುಡಿ ಯಾವುದನ್ನೂ ಮುಟ್ಟಿಸಬೇಡಿ.

ಹುಣಸೆಯಿಂದ ತಿಕ್ಕಿದ ಹಿತ್ತಾಳೆ ಚೆಂಬು ಹೊಳೆಯುವುದು ಹುಳಿಯ ಆಮ್ಲ ಮೇಲಿನ ಪದರವನ್ನು ಕರಗಿಸುವುದರಿಂದ. ಚೆಂಬಿಗೆ ನಷ್ಟವಿಲ್ಲ, ಅಡಿಯಲ್ಲಿ ಬೇಕಾದಷ್ಟು ಲೋಹ ಇರುತ್ತದೆ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಒಂದು ಗ್ರಾಮಿನ ನಾಣ್ಯದಲ್ಲಿ ಲಂಗರು, ನಕ್ಷತ್ರ, ಅಕ್ಷರಗಳು ಬಹುಪಾಲು ಉಳಿದಿರುವುದೇ ಆ ಮೇಲಿನ ಪದರದಲ್ಲಿ. ಅದು ಕರಗಿದರೆ ಕೈಯಲ್ಲಿ ಉಳಿಯುವುದು ಕೆಂಪು ತಾಮ್ರದ ಸವೆದ ಚೂರು.

ನೀವು ಹೇಳಿದ ಲಕ್ಷಣ ನೋಡಿದರೆ ಇದು ‘ಕಂಚಿನ ರೋಗ’. ಹೆಸರು ಹಾಗಿದ್ದರೂ ಸೂಕ್ಷ್ಮಜೀವಿಗೂ ಇದಕ್ಕೂ ಸಂಬಂಧವಿಲ್ಲ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ತಾಮ್ರದ ಜೊತೆ ಸೇರಿ ಕ್ಯೂಪ್ರಸ್ ಕ್ಲೋರೈಡ್ ಆಗಿ ಪದರದ ಅಡಿ ಕೂತಿರುತ್ತದೆ. ಒಣ ಜಾಗದಲ್ಲಿ ಸುಮ್ಮನಿರುತ್ತದೆ. ತೇವ ಮತ್ತು ಗಾಳಿ ತಗುಲಿದರೆ ತಿಳಿಹಸಿರು ಪುಡಿಯಾಗಿ ಉಕ್ಕುತ್ತದೆ. ಆಗ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲ ಒಳಗಿನ ತಾಮ್ರವನ್ನು ತಿಂದು ಮತ್ತೆ ಅದೇ ಕ್ಲೋರೈಡ್ ಮಾಡುತ್ತದೆ. ಒರೆಸಿದರೂ ಮರಳಿ ಬರುವುದು ಇದಕ್ಕೇ. ಯೆರೂಸಲೇಮಿನ ಒಣ ಗಾಳಿಯಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ನಾಣ್ಯ ಕರಾವಳಿಯ ಆಷಾಢದ ಗಾಳಿಗೆ ಎಚ್ಚೆತ್ತುಕೊಳ್ಳುವುದು ಸಹಜ. ಪದಕದಲ್ಲಿದ್ದದ್ದು ಇನ್ನೂ ಕೆಟ್ಟದಾಯಿತು: ಬೆವರಿನಲ್ಲಿ ಉಪ್ಪಿದೆ, ಮತ್ತು ಬೆಳ್ಳಿ-ತಾಮ್ರ ಒತ್ತಿಕೊಂಡು ಒದ್ದೆಯಾದಾಗ ಸವೆಯುವುದು ತಾಮ್ರವೇ.

ಎಲ್ಲ ಹಸಿರೂ ರೋಗವಲ್ಲ. ಗಟ್ಟಿಯಾಗಿ, ನುಣುಪಾಗಿ ಕೂತ ಕಡುಹಸಿರು ಪದರ ನಾಣ್ಯಕ್ಕೆ ರಕ್ಷೆ. ಮರದ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಕೆದಕಿ ನೋಡಿ: ಪುಡಿ ಉದುರಿ ಕೆಳಗೆ ಸಣ್ಣ ಗುಳಿ ಕಂಡರೆ ರೋಗ, ಕದಲದಿದ್ದರೆ ಬಿಟ್ಟುಬಿಡಿ. ಅನುಮಾನ ಉಳಿದರೆ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಪಕ್ಕದಲ್ಲಿ, ಹತ್ತಿ ತಾಗದಂತೆ, ಒಂದು ದಿನ ಇಟ್ಟು ನೋಡಿ. ಸಕ್ರಿಯವಾಗಿದ್ದರೆ ಹೊಸ ಪುಡಿ ಕಾಣುತ್ತದೆ. ನಿಮ್ಮ ಬಿಡಿ ನಾಣ್ಯಕ್ಕೂ ಕಡ್ಡಿಯ ಪರೀಕ್ಷೆ ಮಾಡಿ.

ಚಿಕಿತ್ಸೆಯ ಮೊದಲ ಹೆಜ್ಜೆ ನಾಣ್ಯವನ್ನು ಪದಕದಿಂದ ಬಿಡಿಸುವುದು. ಅಕ್ಕಸಾಲಿಗೆ ಎರಡು ಮಾತು ಖಡಾಖಂಡಿತ ಹೇಳಿ: ಬೆಂಕಿ ತೋರಿಸಬಾರದು, ಆಮ್ಲದಲ್ಲಿ ಅದ್ದಬಾರದು. ಬೆಳ್ಳಿಯ ಅಂಚನ್ನು ಎತ್ತಿ ಬಿಡಿಸಿದರೆ ಸಾಕು. ಪದಕ ಹಾಳಾದರೆ ಆಗಲಿ. ಮನೆಗೆ ತಂದ ಮೇಲೆ ಹತ್ತು ಪಟ್ಟಿನ ಭೂತಗನ್ನಡಿಯ ಕೆಳಗೆ ಹಲ್ಲುಕಡ್ಡಿಯಿಂದ ಪುಡಿಯನ್ನಷ್ಟೇ ತೆಗೆಯಿರಿ.

ಆಮೇಲೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ದ್ರಾವಣ. ಅರ್ಧ ಲೀಟರ್ ಭಟ್ಟಿ ಇಳಿಸಿದ ನೀರಿಗೆ 14 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್, 11 ಗ್ರಾಂ ಅಡುಗೆ ಸೋಡಾ ಕರಗಿಸಿದರೆ ಸುಮಾರು ಶೇಕಡ 5ರ ದ್ರಾವಣ ಸಿಗುತ್ತದೆ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರೈಡ್ ಇರುತ್ತದೆ. ಗಾಜಿನ ಬಾಟಲಿಯಲ್ಲಿ ನಾಣ್ಯ ಮುಳುಗಿಸಿ, ವಾರಕ್ಕೊಮ್ಮೆ ದ್ರಾವಣ ಬದಲಿಸಿ. ಇದು ವಾರಗಳ ಕೆಲಸ, ಕೆಲವೊಮ್ಮೆ ತಿಂಗಳುಗಳದ್ದು. ಕೊನೆಗೆ ಭಟ್ಟಿ ನೀರಿನಲ್ಲಿ ಹಲವು ಸಲ ತೊಳೆದು, ಅಸಿಟೋನಿನಲ್ಲಿ ಅದ್ದಿ ತೇವ ತೆಗೆದು ಒಣಗಿಸಿ. ಇದರ ಅಪಾಯವನ್ನೂ ಹೇಳಬೇಕು: ದ್ರಾವಣ ಹಳೆಯ ಪದರದ ಬಣ್ಣವನ್ನು ಸ್ವಲ್ಪ ಬದಲಿಸಬಹುದು, ಮತ್ತು ರೋಗ ಆಳಕ್ಕಿಳಿದ ತೆಳು ನಾಣ್ಯ ಪುಡಿ ಹೋದ ಜಾಗದಲ್ಲಿ ತೂತಾಗಬಹುದು. ಸಂಗ್ರಹಾಲಯಗಳ ಸಂರಕ್ಷಕರು ಬೆನ್ಜೋಟ್ರೈಅಜೋಲ್ ಎಂಬ ರಾಸಾಯನಿಕವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಬಳಸುತ್ತಾರೆ. ಅದು ದೇಹಕ್ಕೆ ಒಳ್ಳೆಯದಲ್ಲ. ಕೈಗವಸು, ಗಾಳಿಯಾಡುವ ಪ್ರಯೋಗಾಲಯ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಏನೇ ಮಾಡಿದರೂ ಕ್ಲೋರೈಡ್ ಪೂರ್ತಿ ಹೋಯಿತೆಂದು ನಂಬುವಂತಿಲ್ಲ. ಆದ್ದರಿಂದ ನಿಜವಾದ ಔಷಧ ಒಣ ಡಬ್ಬಿ. ಗಾಳಿ ನುಸುಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಕಾರ್ಡ್. ತೇವಾಂಶ ಶೇಕಡ 40ರ ಕೆಳಗಿದ್ದರೆ ಪುಡಿ ಹುಟ್ಟುವುದಿಲ್ಲ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬೇಗ ತುಂಬಿಕೊಳ್ಳುತ್ತದೆ. ಕಾರ್ಡಿನ ಬಣ್ಣ ಬದಲಾದಾಗಲೆಲ್ಲ ಅದನ್ನು 110-120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ಮತ್ತೆ ಹಾಕಿ. ಮೆತ್ತನೆಯ ಪಿವಿಸಿ ಕವರು ಬೇಡವೇ ಬೇಡ, ಅದೂ ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ.

ಇನ್ನು ಕಾಸು ಅಸಲಿಯೇ ಎಂಬ ಪ್ರಶ್ನೆ. ಅಕ್ಷರ ಕಾಣದಿರುವುದು, ಅಂಚಿನಲ್ಲಿ ಎರಕದ ಗುರುತು ಇರುವುದು ಎರಡೂ ಈ ನಾಣ್ಯದ ಮಟ್ಟಿಗೆ ಅನುಮಾನದ ಕಾರಣಗಳಲ್ಲ. ಗ್ರೀಕ್ ಅಥವಾ ರೋಮನ್ ಬೆಳ್ಳಿ ನಾಣ್ಯಕ್ಕೆ ಹೇಳುವ ನಿಯಮವನ್ನು ಜನ ಇಲ್ಲಿಗೂ ಅನ್ವಯಿಸುವುದರಿಂದ ಈ ಗೊಂದಲ.

‘ವಿಧವೆಯ ಕಾಸು’ ಎಂದು ಮಾರುವುದು ಹೆಚ್ಚಾಗಿ ಹಸ್ಮೋನಿಯನ್ ಎಂಬ ಯಹೂದಿ ಮನೆತನದ ರಾಜ ಅಲೆಕ್ಸಾಂಡರ್ ಯನ್ನಾಯನ ಪ್ರುಟಾಗಳನ್ನು, ಅಂದರೆ ಸಣ್ಣ ಕಂಚಿನ ಕಾಸುಗಳನ್ನು. ಅವನು ಕ್ರಿ.ಪೂ. 104ರಿಂದ 76ರವರೆಗೆ ಆಳಿದವ, ರಾಜನೂ ಹೌದು, ಯೆರೂಸಲೇಮ್ ದೇವಾಲಯದ ಮಹಾಯಾಜಕನೂ ಹೌದು. ಒಂದು ಬದಿಯಲ್ಲಿ ಲಂಗರು; ಸಿರಿಯಾದ ಗ್ರೀಕ್ ಮನೆತನವಾದ ಸೆಲ್ಯೂಸಿಡ್ ಅರಸರ ಈ ಲಾಂಛನ ಅವನ ತಂದೆ ಒಂದನೇ ಹಿರ್ಕಾನಸನ ಕಾಲದಲ್ಲೇ ಯೆರೂಸಲೇಮಿನ ನಾಣ್ಯಕ್ಕೆ ಬಂದಿತ್ತು. ಇನ್ನೊಂದು ಬದಿಯಲ್ಲಿ ಎಂಟು ಕಿರಣಗಳ ನಕ್ಷತ್ರ. ಮನುಷ್ಯನ ಮುಖ ಎಲ್ಲೂ ಇಲ್ಲ. ಮೂರ್ತಿಯ ನಿಷೇಧವನ್ನು ಈ ಮನೆತನ ನಾಣ್ಯದಲ್ಲೂ ಪಾಲಿಸಿತು. ಆಳ್ವಿಕೆಯ 25ನೇ ವರ್ಷದಿಂದ ಬಂದ ಹಗುರ ಪ್ರುಟಾಗಳು ಬಹಳ ಒರಟು: ತೂಕ ಒಂದು ಗ್ರಾಮಿನ ಆಚೆ ಈಚೆ, ಎಷ್ಟೋ ಅರ್ಧ ಗ್ರಾಮೂ ಇಲ್ಲ. ಬಿಲ್ಲೆ ಚಿಕ್ಕದು, ಅಚ್ಚು ದೊಡ್ಡದು, ಹೊಡೆತ ಓರೆ. ಹೀಗಾಗಿ ಅಕ್ಷರಗಳು ಬಿಲ್ಲೆಯ ಹೊರಗೇ ಬಿದ್ದಿರುತ್ತವೆ. ಅಕ್ಷರವೆಲ್ಲ ಸ್ಫುಟವಾಗಿ, ನಟ್ಟ ನಡುವೆ ಮೂಡಿದ ಹಗುರ ಪ್ರುಟಾ ಕಂಡರೆ ನಾನು ಹೆಚ್ಚು ಹೊತ್ತು ಭೂತಗನ್ನಡಿ ಹಿಡಿಯುತ್ತೇನೆ.

ಅಂಚಿನ ಗುರುತಿಗೂ ಕಾರಣವಿದೆ. ಯೆರೂಸಲೇಮಿನ ಸುತ್ತಲ ನಾಡಾದ ಜುದೇಯದಲ್ಲಿ ಪ್ರುಟಾಗಳ ಬಿಲ್ಲೆಗಳನ್ನು ಮೆತ್ತನೆಯ ಸುಣ್ಣಕಲ್ಲಿನ ಹಲಗೆಯಲ್ಲಿ ಕೊರೆದ ಗುಳಿಗಳ ಸಾಲಿಗೆ ಕಂಚು ಹೊಯ್ದು ಮಾಡುತ್ತಿದ್ದರು. ಗುಳಿಯಿಂದ ಗುಳಿಗೆ ಕಿರುಗಾಲುವೆ ಇರುತ್ತಿದ್ದರಿಂದ ಬಿಲ್ಲೆಗಳು ಪಟ್ಟಿಯಾಗಿ ಬರುತ್ತಿದ್ದವು. ಅಚ್ಚೊತ್ತಿದ ಮೇಲೆ ಕಡಿದು ಬೇರೆ ಮಾಡುತ್ತಿದ್ದರು. ಎದುರುಬದುರು ಎರಡು ಕಡೆ ಕಡಿದ ಮೊಂಡು ಉಳಿದಿರುವುದು, ಅಂಚು ಒಂದು ಬದಿಗೆ ಓರೆಯಾಗಿರುವುದು ಅಸಲಿಯ ಲಕ್ಷಣವೇ. ಅನುಮಾನ ಪಡಬೇಕಾದದ್ದು ಬೇರೆ: ಅಂಚಿನ ಸುತ್ತ ಪೂರ್ತಿ ಓಡುವ ತೆಳು ಬೆಸುಗೆಯಂಥ ಗೆರೆ, ನಕ್ಷತ್ರದ ಮೇಲೂ ಹಿನ್ನೆಲೆಯ ಮೇಲೂ ಒಂದೇ ಸಮನೆ ಹರಡಿದ ಗುಳ್ಳೆ ಗುಳಿಗಳು, ಮೇಣದಂತೆ ಮೆತ್ತಗಾದ ಅಂಚುಗಳು.

ನಾನು ಹೆಚ್ಚು ನೋಡುವ ಮೋಸ ನಾಣ್ಯದ್ದಲ್ಲ, ಅದರ ಮೇಲಿನ ಮರಳಿನದು. ಸವೆದ ಅಸಲಿ ಪ್ರುಟಾದ ತಗ್ಗುಗಳಿಗೆ ಅಂಟಿನ ಜೊತೆ ತಿಳಿ ಮರಳು ಮೆತ್ತಿ, ಉಬ್ಬಿದ ನಕ್ಷತ್ರ ಎದ್ದು ಕಾಣುವಂತೆ ಮಾಡಿ ‘ಮರುಭೂಮಿಯ ಪದರ’ ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಶುದ್ಧ ಅಸಿಟೋನಿನಲ್ಲಿ ಒಂದು ರಾತ್ರಿ ಗಾಜಿನ ಡಬ್ಬಿಯಲ್ಲಿಡಿ, ಬೆಂಕಿಯಿಂದ ದೂರ. ಅಂಟಿನ ಮರಳು ಕಳಚುತ್ತದೆ. ನೆಲದಲ್ಲಿ ಬೆಳೆದ ಪದರ ಕದಲುವುದಿಲ್ಲ. ಅಗ್ಗದ ಹಗುರ ಪ್ರುಟಾ ಮೊದಲಿನಿಂದಲೂ ಹೇರಳವಾಗಿ ಸಿಗುವುದರಿಂದ ಅದನ್ನೇ ನಕಲು ಮಾಡುವವರಿಗೆ ಲಾಭ ಕಡಿಮೆ. ಹಾಗಾಗಿ ನಿಮ್ಮವು ಅಸಲಿ ಇರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಅಂದಾಜು. ತೂಕವನ್ನು 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ನೋಡಿ ಬರೆದಿಡಿ.

ಅದು ನಿಜಕ್ಕೂ ಸುವಾರ್ತೆಯ ವಿಧವೆ ಹಾಕಿದ ಬಗೆಯದೇ? ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ಯಾವ ರಾಜನ ನಾಣ್ಯ ಎಂದು ಹೇಳುವುದಿಲ್ಲ, ಅತಿ ಚಿಕ್ಕ ಎರಡು ಕಾಸು ಎನ್ನುತ್ತದೆ ಅಷ್ಟೇ. ಯನ್ನಾಯನ ಪ್ರುಟಾ ಯೇಸುವಿಗಿಂತ ನೂರು ವರ್ಷ ಹಳೆಯದಾದರೂ ಒಂದನೇ ಶತಮಾನದಲ್ಲೂ ಚಲಾವಣೆಯಲ್ಲಿತ್ತು ಎಂಬುದು ಉತ್ಖನನಗಳಿಂದ ಖಚಿತ. ಹೆರೋದನ ಕಾಲದ ಸಣ್ಣ ಕಂಚುಗಳೂ ಆಗ ಜೊತೆಯಲ್ಲಿ ಓಡುತ್ತಿದ್ದವು. ‘ಆ ಕಾಲದ ಕೈಗಳಲ್ಲಿ ಓಡಾಡಿದ ಬಗೆ’ ಎನ್ನುವಷ್ಟು ಪ್ರಾಮಾಣಿಕವಾಗಿ ಹೇಳಬಹುದು.

ಶೆಕೆಲ್ ವಿಷಯದಲ್ಲಿ ‘ಯೇಸುವಿನ ಕಾಲದ್ದು’ ಎಂಬ ಮೊದಲ ಮಾತೇ ತಪ್ಪು. ಬಟ್ಟಲು-ದಾಳಿಂಬೆಯ ಶೆಕೆಲ್ ರೋಮಿನ ವಿರುದ್ಧ ಯಹೂದ್ಯರು ಎದ್ದ ಮೊದಲ ದಂಗೆಯದು, ಕ್ರಿ.ಶ. 66ರಿಂದ 70ರವರೆಗಿನದು; ‘ಎರಡನೇ ವರ್ಷ’ ಎಂದರೆ ಆ ದಂಗೆಯ ಎರಡನೇ ವರ್ಷ. ಯೇಸುವನ್ನು ಶಿಲುಬೆಗೇರಿಸಿ ಮೂರು ದಶಕ ದಾಟಿದ ಮೇಲೆ ಅಚ್ಚಾದದ್ದು. ಯೇಸುವನ್ನು ಹಿಡಿದುಕೊಡಲು ಯೂದ ಪಡೆದ ಮೂವತ್ತು ಬೆಳ್ಳಿ ನಾಣ್ಯ ಇದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗ ದೇವಾಲಯದ ತೆರಿಗೆಗೆ ಸಲ್ಲುತ್ತಿದ್ದದ್ದು ತೂರ್ ಪಟ್ಟಣದ ಬೆಳ್ಳಿ ಶೆಕೆಲ್: ಒಂದು ಬದಿ ಮೆಲ್ಕಾರ್ತ್ ದೇವರ ತಲೆ, ಇನ್ನೊಂದು ಬದಿ ಹದ್ದು. ಅನ್ಯದೇವರ ಮೂರ್ತಿ ಇದ್ದರೂ ಬೆಳ್ಳಿಯ ಶುದ್ಧತೆಗಾಗಿ ಯಾಜಕರು ಅದನ್ನೇ ಒಪ್ಪುತ್ತಿದ್ದರು. ದಂಗೆ ಎದ್ದವರು ಅದರ ಜಾಗದಲ್ಲಿ, ಅದೇ ಸುಮಾರು 14 ಗ್ರಾಂ ತೂಕದಲ್ಲಿ, ಮೂರ್ತಿಯಿಲ್ಲದ ತಮ್ಮ ನಾಣ್ಯ ಹೊಡೆದರು. ಬಟ್ಟಲಿನ ಸುತ್ತ ‘ಇಸ್ರೇಲಿನ ಶೆಕೆಲ್’, ದಾಳಿಂಬೆಯ ಸುತ್ತ ‘ಪವಿತ್ರ ಯೆರೂಸಲೇಮ್’, ಅದೂ ಆಗಲೇ ದಿನಬಳಕೆ ತಪ್ಪಿದ್ದ ಪ್ರಾಚೀನ ಹೀಬ್ರೂ ಲಿಪಿಯಲ್ಲಿ. ಬೆಳ್ಳಿ ನಾಣ್ಯ ಹೊಡೆಯುವುದೆಂದರೆ ‘ಇನ್ನು ನಾವೇ ಒಡೆಯರು’ ಎಂದು ರೋಮಿಗೆ ಹೇಳಿದಂತೆ. ಐದನೇ ವರ್ಷದ ನಾಣ್ಯಗಳು ಬೆರಳೆಣಿಕೆಯಷ್ಟು, ಏಕೆಂದರೆ ಆ ವರ್ಷದ ಬೇಸಿಗೆಯಲ್ಲೇ ರೋಮನ್ ಸೇನಾಪತಿ ಟೈಟಸನ ಸೇನೆ ದೇವಾಲಯವನ್ನು ಸುಟ್ಟಿತು. 1963-65ರಲ್ಲಿ ಯಿಗಾಯೆಲ್ ಯಾದಿನ್ ನಡೆಸಿದ ಮಸಾದ ಕೋಟೆಯ ಉತ್ಖನನದಲ್ಲಿ ಐದನೇ ವರ್ಷದ ಶೆಕೆಲ್‌ಗಳೂ ಸಿಕ್ಕವು.

ನೀವು ಬರೆದ ವಿವರದಲ್ಲೇ ಎರಡು ಎಡವಟ್ಟು ಕಾಣುತ್ತಿವೆ. ಮೊದಲನೆಯದು, ಬಟ್ಟಲಿನ ಬಾಯಿ. ನುಣುಪು ಬಾಯಿಯ ಬಟ್ಟಲು ಮೊದಲ ವರ್ಷದ್ದು. ಎರಡನೇ ವರ್ಷದಿಂದ ಬಾಯಿಯುದ್ದಕ್ಕೂ ಮಣಿಗಳ ಸಾಲು ಬರುತ್ತದೆ. ವರ್ಷದ ಗುರುತೂ ಬದಲಾಗುತ್ತದೆ: ಮೊದಲ ವರ್ಷದಲ್ಲಿ ಬಟ್ಟಲಿನ ಮೇಲೆ ಆಲೆಫ್ ಎಂಬ ಒಂದೇ ಹೀಬ್ರೂ ಅಕ್ಷರ, ಎರಡನೆಯದರಲ್ಲಿ ಶಿನ್ ಮತ್ತು ಬೆತ್ ಎರಡು. ಯೆರೂಸಲೇಮ್ ಬರೆಯುವ ಕಾಗುಣಿತವೂ ಮೊದಲ ವರ್ಷದಲ್ಲಿ ಗಿಡ್ಡ, ಆಮೇಲೆ ಉದ್ದ. ಎರಡನೇ ವರ್ಷದ ನಾಣ್ಯಕ್ಕೆ ಮೊದಲ ವರ್ಷದ ಬಟ್ಟಲು ಇದ್ದರೆ ಅದು ಎರಡು ಚಿತ್ರ ಕಲಸಿ ಮಾಡಿದ್ದು. ಎರಡನೆಯದು ತೂಕ. 11.6 ಗ್ರಾಂ ಎಂದರೆ ಎರಡು ಗ್ರಾಮಿಗೂ ಹೆಚ್ಚು ಕಡಿಮೆ. ತುಂಡಾಗದ, ತೀರಾ ಕೊರೆದುಹೋಗದ ಶೆಕೆಲ್ ಇಷ್ಟು ಇಳಿಯುವುದಿಲ್ಲ.

ಅಕ್ಕಸಾಲಿಯ ಯಂತ್ರ ‘ಬೆಳ್ಳಿ’ ಎಂದದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ಕ್ಷ-ಕಿರಣದಿಂದ ಲೋಹ ಗುರುತಿಸುವ ಆ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಮೈಯ ಲೋಹ ಹೇಳುತ್ತದೆ, ಕಾಲ ಹೇಳುವುದಿಲ್ಲ. ಒಳ್ಳೆಯ ನಕಲು ಮಾಡುವವರು ಒಳ್ಳೆಯ ಬೆಳ್ಳಿಯನ್ನೇ ಬಳಸುತ್ತಾರೆ. ಮನೆಯಲ್ಲೇ ಮಾಡಬಹುದಾದ ನೀರಿನ ಪರೀಕ್ಷೆಯೂ ಹಾಗೆಯೇ. 14.00 ಗ್ರಾಂ ನಾಣ್ಯವನ್ನು ದಾರದಲ್ಲಿ ನೀರಿನೊಳಗೆ ತೂಗಬಿಟ್ಟಾಗ ತೂಕ 1.34 ಗ್ರಾಂ ಇಳಿದರೆ ಬೆಳ್ಳಿಯ ಸಾಂದ್ರತೆ, 1.6 ಗ್ರಾಂ ಇಳಿದರೆ ತಾಮ್ರ ಮಿಶ್ರ ಲೋಹ. ಸೋತ ನಾಣ್ಯವನ್ನು ತಳ್ಳಿಹಾಕಬಹುದು. ಗೆದ್ದದ್ದು ಅಸಲಿ ಎನ್ನುವಂತಿಲ್ಲ. ಅಸಲಿ ಶೆಕೆಲ್‌ನಲ್ಲಿ ನಾನು ಮೊದಲು ನೋಡುವುದು ಅಂಚು: ಬಿಲ್ಲೆಯ ಅಂಚನ್ನು ಸುತ್ತಿಗೆಯಿಂದ ಬಡಿದ ಸಣ್ಣ ಮುಖಗಳು ಕಾಣಬೇಕು. ಅರದಿಂದ ಉಜ್ಜಿದ ಗೆರೆ ಕಂಡರೆ ಎರಕದ ಬೆಸುಗೆ ಅಳಿಸಿದ್ದಾರೆಂದು ಅರ್ಥ.

ಈ ಶೆಕೆಲ್‌ನ ನಕಲು ಇವತ್ತಿನದಲ್ಲ. 16ನೇ ಶತಮಾನದಿಂದ ಯುರೋಪಿನಲ್ಲಿ ಯಾತ್ರಿಕರಿಗೆ ಮಾರಿದ ‘ಗೋರ್ಲಿಟ್ಸ್ ಶೆಕೆಲ್’ಗಳು ಈಗಲೂ ಹಳೆಯ ಪೆಟ್ಟಿಗೆಗಳಿಂದ ಹೊರಬರುತ್ತವೆ. ಹೊಗೆಯಾಡುವ ಬಟ್ಟಲು, ಎಲೆ ಬಿಟ್ಟ ಕೊಂಬೆ, ಇವತ್ತಿನ ಚೌಕ ಹೀಬ್ರೂ ಅಕ್ಷರ. ಗುರುತಿಸಲು ಒಂದು ನೋಟ ಸಾಕು. ಚೌಕಾಕ್ಷರ ಕಂಡರೆ ಶೆಕೆಲ್ ನಕಲಿ ಎಂಬ ನಿಯಮ ಇಲ್ಲಿ ಸರಿ. ಆದರೆ ಅದನ್ನು ನಿಮ್ಮ ಪ್ರುಟಾಗೆ ಹಚ್ಚಬೇಡಿ: ಯನ್ನಾಯನ 25ನೇ ವರ್ಷದ ನಾಣ್ಯದಲ್ಲಿ ಅರಮಾಯಿಕ್ ಭಾಷೆಯ ಬರಹ ಚೌಕಾಕ್ಷರಕ್ಕೆ ಹತ್ತಿರವಾಗಿಯೇ ಇದೆ.

ಹೆಬ್ರೋನಿನ ಕುಟುಂಬದ ಕಥೆ ನಿಜವಾದರೆ ತೊಂದರೆ ಇನ್ನೂ ದೊಡ್ಡದು. ಹೆಬ್ರೋನ್ ಇರುವುದು ವೆಸ್ಟ್ ಬ್ಯಾಂಕಿನಲ್ಲಿ, ಅಲ್ಲಿನ ನಿಯಮಗಳೇ ಬೇರೆ. ಇಸ್ರೇಲಿನೊಳಗಿನ ನಾಣ್ಯಕ್ಕಾದರೆ: ಇಸ್ರೇಲಿನ 1978ರ ಪುರಾತತ್ವ ಕಾನೂನಿನ ಪ್ರಕಾರ ಆಮೇಲೆ ಸಿಕ್ಕ ಪ್ರಾಚ್ಯವಸ್ತು ಸರ್ಕಾರದ್ದು, ಕ್ರಿ.ಶ. 1700ಕ್ಕಿಂತ ಹಿಂದಿನ ನಾಣ್ಯವೆಲ್ಲ ಪ್ರಾಚ್ಯವಸ್ತು. ಮಾರಲು ಪರವಾನಗಿ ಬೇಕು, ದೇಶದ ಹೊರಗೆ ಒಯ್ಯಲು ಇಸ್ರೇಲ್ ಪುರಾತತ್ವ ಪ್ರಾಧಿಕಾರದ ಒಪ್ಪಿಗೆ ಬೇಕು. ಕಾಗದವಿಲ್ಲದ ನಾಣ್ಯ ಎಷ್ಟು ವರ್ಷ ಆದರೂ ಹಿಂಬಾಲಿಸುತ್ತದೆ: ಇಸ್ರೇಲಿನ ಏಲಾ ಕಣಿವೆಯಲ್ಲಿ ಕಳ್ಳತನದಿಂದ ಅಗೆದ ನಾಲ್ಕನೇ ವರ್ಷದ ಕಾಲು ಶೆಕೆಲ್ ಒಂದನ್ನು ಅಮೆರಿಕದಲ್ಲಿ ಹರಾಜಿಗೆ ಬಂದಾಗ ಹಿಡಿದು, 2022ರಲ್ಲಿ ಇಸ್ರೇಲಿಗೆ ಮರಳಿಸಿದರು.

ಭಾರತದ ಕಡೆಯಿಂದಲೂ ಒಂದು ಗಂಟು ಇದೆ, ಸಂಗ್ರಾಹಕರು ಇದನ್ನು ಮರೆಯುತ್ತಾರೆ. 1972ರ ಪ್ರಾಚ್ಯವಸ್ತು ಕಾನೂನಿನಲ್ಲಿ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆ ವ್ಯಾಖ್ಯೆಯಲ್ಲಿ ಭಾರತದ ನಾಣ್ಯ, ವಿದೇಶದ ನಾಣ್ಯ ಎಂಬ ಭೇದವಿಲ್ಲ. ಅಂದರೆ ‘ನಕಲಿ ಎನಿಸಿದರೆ ವಾಪಸ್ ಕಳಿಸಿ, ಹಣ ಕೊಡುತ್ತೇವೆ’ ಎಂಬ ಭರವಸೆ ನಾಣ್ಯ ಇಲ್ಲಿಗೆ ಬಂದ ಮೇಲೆ ಕೆಲಸಕ್ಕೆ ಬರದಂತಾಗಬಹುದು. ಪರೀಕ್ಷೆಗೆ ಹೊರದೇಶದ ತಜ್ಞರಿಗೆ ಕಳಿಸುವುದೂ ಕಷ್ಟ. ಪರೀಕ್ಷೆ ಏನಿದ್ದರೂ ನಾಣ್ಯ ಅಲ್ಲಿರುವಾಗಲೇ, ಮಾರುವವನಿಗೆ ಸಂಬಂಧವಿಲ್ಲದವರಿಂದ ಆಗಬೇಕು. ತರಿಸುವಾಗ ‘ಸ್ಮರಣಿಕೆ’ ಎಂದು ಬರೆಸಿ ಕಡಿಮೆ ಬೆಲೆ ತೋರಿಸುವ ಸಲಹೆಗೆ ಒಪ್ಪಬೇಡಿ; ಕಸ್ಟಮ್ಸ್‌ನಲ್ಲಿ ಹೊಣೆ ನಿಮ್ಮದು.

ಹಾಗಾದರೆ ನಿಮ್ಮ ಮುಂದಿರುವ ದಾರಿ? ಶೆಕೆಲ್ಲೇ ಬೇಕೆಂದರೆ ಹೆಸರಾಂತ ಹರಾಜು ಸಂಸ್ಥೆಯಲ್ಲಿ, ಹಿಂದಿನ ಹರಾಜಿನ ಫೋಟೋ ಸಮೇತ ಇತಿಹಾಸವಿರುವ ನಾಣ್ಯಕ್ಕೆ ಕಾಯಬೇಕು. ಎರಡನೇ, ಮೂರನೇ ವರ್ಷದವು ಸಾಕಷ್ಟು ಉಳಿದಿವೆ, ಆದರೂ ಎರಡು-ಮೂರು ಲಕ್ಷ ರೂಪಾಯಿಯ ಕೆಳಗೆ ಒಳ್ಳೆಯದು ಸಿಗುವುದು ಅಪರೂಪ. ನನ್ನನ್ನು ಕೇಳಿದರೆ ಅದೇ ದಂಗೆಯ ಕಂಚಿನ ಪ್ರುಟಾ ನೋಡಿ ಎನ್ನುತ್ತೇನೆ. ಎರಡನೇ ವರ್ಷದ್ದರಲ್ಲಿ ಎರಡು ಹಿಡಿಯ ಹೂಜಿ, ಹಿಂಬದಿಯಲ್ಲಿ ದ್ರಾಕ್ಷಿ ಎಲೆ, ಸುತ್ತ ‘ಸಿಯೋನಿನ (ಅಂದರೆ ಯೆರೂಸಲೇಮಿನ) ಸ್ವಾತಂತ್ರ್ಯ’. ಮೂರನೇ ವರ್ಷದ್ದರಲ್ಲಿ ಹೂಜಿಗೆ ಮುಚ್ಚಳ. ತೂಕ ಸುಮಾರು ಎರಡೂವರೆ ಗ್ರಾಂ, ಅಗಲ 17 ಮಿಲಿಮೀಟರಿನ ಆಸುಪಾಸು, ಬೆಲೆ ಸಾವಿರಗಳಲ್ಲಿ. ರೋಮನರ ಮುತ್ತಿಗೆಗೆ ಮುಂಚಿನ ಯೆರೂಸಲೇಮಿನ ಸಂತೆಯಲ್ಲಿ ಜನ ಖರ್ಚು ಮಾಡಿದ್ದು ಇದನ್ನೇ, ಮತ್ತು ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ನಾಣ್ಯ ಇಲ್ಲ. ಸುವಾರ್ತೆಯ ಕಾಲದ್ದೇ ಬೇಕಿದ್ದರೆ ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪೊಂತ್ಯ ಪಿಲಾತನ ಪ್ರುಟಾಗಳಿವೆ; ತಿಬೇರಿಯಸ್ ಚಕ್ರವರ್ತಿಯ 16, 17, 18ನೇ ವರ್ಷ ಅಂದರೆ ಕ್ರಿ.ಶ. 29ರಿಂದ 32ರ ನಡುವಿನವು. ಅವುಗಳಲ್ಲಿ ವರ್ಷ ಸ್ಪಷ್ಟವಾಗಿ ಓದಬಹುದಾದದ್ದಕ್ಕೆ ಮಾತ್ರ ಹೆಚ್ಚು ಕೊಡಿ. ರೋಮಿನ ವಿರುದ್ಧ ಯಹೂದ್ಯರು ಆಮೇಲೆ ಎದ್ದ ಬಾರ್ ಕೊಖ್ಬಾ ದಂಗೆಯ ಬೆಳ್ಳಿಯನ್ನು, ಅಂದರೆ ಕ್ರಿ.ಶ. 132-135ರಲ್ಲಿ ರೋಮನ್ ನಾಣ್ಯದ ಮೇಲೆಯೇ ಹೊಸ ಅಚ್ಚು ಹೊಡೆದದ್ದನ್ನು, ಸದ್ಯಕ್ಕೆ ದೂರವಿಡಿ. ಅಲ್ಲಿ ಹಳೆಯ ಚಕ್ರವರ್ತಿಯ ಮುಖದ ಅಳಿದುಳಿದ ಗೆರೆ ಪ್ರತಿ ನಾಣ್ಯದಲ್ಲೂ ಬೇರೆ ಜಾಗದಲ್ಲಿರಬೇಕು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿದ್ದರೆ ಕನಿಷ್ಠ ಒಂದಾದರೂ ಎರಕದ ನಕಲು. ಅದನ್ನು ಹಿಡಿಯಲು ನೂರಾರು ಫೋಟೋ ನೋಡಿದ ಕಣ್ಣು ಬೇಕು.

ಕೊನೆಗೆ, ನಿಮ್ಮ ಪ್ರಮಾಣಪತ್ರ. ಅಂಗಡಿಯವರೇ ಕೊಟ್ಟ ಅಸಲಿಯತ್ತಿನ ಪತ್ರ ಅವರ ಮಾತು ಮಾತ್ರ, ರಫ್ತಿನ ಒಪ್ಪಿಗೆ ಅಲ್ಲ. ರಸೀದಿಯ ಸಂಖ್ಯೆ ಹಾಕಿ ಅಂಗಡಿಗೆ ಬರೆದು, ಅವರ ಪರವಾನಗಿ ಸಂಖ್ಯೆ ಮತ್ತು ರಫ್ತು ಒಪ್ಪಿಗೆಯ ಪ್ರತಿ ಕೇಳಿ. ಪತ್ರದಲ್ಲಿ ‘ಹೆಂಡಿನ್’ ಎಂದು ಒಂದು ಸಂಖ್ಯೆ ಇದ್ದರೆ ಅದು ಡೇವಿಡ್ ಹೆಂಡಿನ್ ಅವರ ಬೈಬಲ್ ಕಾಲದ ನಾಣ್ಯಗಳ ಪಟ್ಟಿಯ ಸಂಖ್ಯೆ. ಆವೃತ್ತಿಯಿಂದ ಆವೃತ್ತಿಗೆ ಸಂಖ್ಯೆ ಬದಲಾಗಿರುವುದರಿಂದ ಯಾವ ಆವೃತ್ತಿ ಎಂದೂ ಕೇಳಿ ಬರೆದುಕೊಳ್ಳಿ. ಅಕ್ಕಸಾಲಿಯ ಬಳಿ ಹೋಗುವ ಮುನ್ನ ಪದಕದ ಎರಡೂ ಬದಿ ಫೋಟೋ ತೆಗೆಯಿರಿ, ಬಿಡಿಸಿದ ಮೇಲೆ ನಾಣ್ಯದ ಎರಡು ಬದಿ ಮತ್ತು ಅಂಚು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಆ ಫೋಟೋ, ತೂಕ, ರಸೀದಿ ಒಂದೇ ಕಡತದಲ್ಲಿರಲಿ; ಸಿಲಿಕಾ ಜೆಲ್‌ನ ಡಬ್ಬಿಯಲ್ಲಿ ಕಾಗದ ಇಡಬೇಡಿ.